ಪ್ರಳಯದ ನಂಬಿಕೆ ಮತ್ತು ಜನಸಂಖ್ಯಾ ತಳಿವಿಜ್ಞಾನ

ಭೂಮಿಯನ್ನು ಆವರಿಸಿದ ಮಹಾಜಲದಿಂದ ಬೆರಳೆಣಿಕೆಯ ಜನರು ಮಾತ್ರ ಪಾರಾದರು, ಇಂದಿನ ಮನುಕುಲವೆಲ್ಲ ಅವರ ಸಂತತಿ ಎಂಬ ನಂಬಿಕೆ ಹಲವು ಧರ್ಮಗಳಲ್ಲಿ ಇದೆ. ಇಂತಹ ಕಥನಗಳು ಹೇಳುವ ಜನಸಂಖ್ಯೆಯ ಕುಸಿತವನ್ನು ಇಂದಿನ ಮನುಷ್ಯರ ಡಿಎನ್‌ಎಯಲ್ಲಿ ಕಂಡುಬರುವ ವೈವಿಧ್ಯದೊಡನೆ ಹೋಲಿಸಿ ನೋಡುವುದು ಜನಸಂಖ್ಯಾ ತಳಿವಿಜ್ಞಾನದಲ್ಲಿಯೂ ಧರ್ಮಶಾಸ್ತ್ರದಲ್ಲಿಯೂ ಚರ್ಚೆಗೆ ಬಂದಿರುವ ವಿಷಯವಾಗಿದೆ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳು ಈ ಚರ್ಚೆಯ ಎರಡೂ ಬದಿಗಳಿಗೆ ಸಂಬಂಧಿಸಿವೆ. ವೈದಿಕ, ಜೈನ, ಕ್ರೈಸ್ತ ಹಾಗೂ ಇಸ್ಲಾಮ್ ಸಂಪ್ರದಾಯಗಳ ಪ್ರಳಯಕಥನಗಳು ಇಲ್ಲಿ ಅಕ್ಕಪಕ್ಕದಲ್ಲಿ ಜೀವಂತವಾಗಿವೆ. ಜೊತೆಗೆ, ಒಳವಿವಾಹದ ಚಿಕ್ಕ ಸಮುದಾಯಗಳಲ್ಲಿ ಉಳಿದುಬಂದ ಆನುವಂಶಿಕ ರೋಗಕ್ಕೆ ಉದಾಹರಣೆಯಾದ ಹಂದಿಗೋಡು ಕಾಯಿಲೆಯೂ ಈ ಮೂರು ತಾಲ್ಲೂಕುಗಳಲ್ಲಿ ವರದಿಯಾಗಿದೆ.

ಮಲೆನಾಡಿನ ಪ್ರಳಯಕಥನಗಳು

ಈ ಪ್ರದೇಶದ ಎರಡು ಮುಖ್ಯ ನದಿಗಳ ಹುಟ್ಟನ್ನೇ ಸ್ಥಳಪುರಾಣವು ಪ್ರಳಯಕ್ಕೆ ಜೋಡಿಸುತ್ತದೆ. ನೀರಿನಲ್ಲಿ ಮುಳುಗಿದ್ದ ಭೂದೇವಿಯನ್ನು ಮೇಲೆತ್ತಿದ ವರಾಹಸ್ವಾಮಿಯು ದಣಿವಾರಿಸಿಕೊಳ್ಳಲು ಕುದುರೆಮುಖ ಶ್ರೇಣಿಯ ವರಾಹ ಪರ್ವತದಲ್ಲಿ ಕುಳಿತನೆಂದೂ ಅವನ ಎರಡು ಕೋರೆದಾಡೆಗಳಿಂದ ಇಳಿದ ನೀರು ತುಂಗೆಯೂ ಭದ್ರೆಯೂ ಆಯಿತೆಂದೂ ಪ್ರತೀತಿ. ಗಂಗಾಮೂಲದಲ್ಲಿ ಹುಟ್ಟುವ ತುಂಗೆಯು ಶೃಂಗೇರಿಯನ್ನೂ ಕೊಪ್ಪ ತಾಲ್ಲೂಕಿನ ಹರಿಹರಪುರವನ್ನೂ ಹಾದುಹೋಗುತ್ತದೆ. ಭದ್ರೆಯು ಕಳಸದ ಮೂಲಕ ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರಿಗೆ ಬರುತ್ತದೆ. ವರಾಹಕಥೆಯಲ್ಲಿ ಜಲವುಂಟು, ಉದ್ಧಾರವುಂಟು. ಆದರೆ ಬದುಕುಳಿದ ಮನುಷ್ಯರ ಲೆಕ್ಕವಿಲ್ಲ. ಆದುದರಿಂದ ತಳಿವಿಜ್ಞಾನವು ಪರೀಕ್ಷಿಸಬಹುದಾದ ಯಾವ ಹೇಳಿಕೆಯೂ ಅದರಲ್ಲಿಲ್ಲ.

ಅಂತಹ ಹೇಳಿಕೆಗೆ ಸಮೀಪವಾಗಿರುವುದು ಮತ್ಸ್ಯಾವತಾರದ ಕಥೆ. ಶತಪಥ ಬ್ರಾಹ್ಮಣದಲ್ಲಿ ಬರುವ ಹಳೆಯ ಪಾಠದಂತೆ ಮೀನಿನ ಮಾತು ಕೇಳಿ ಹಡಗು ಕಟ್ಟಿದ ಮನುವೊಬ್ಬನೇ ಉಳಿಯುತ್ತಾನೆ. ಅವನು ನೀರಿನಲ್ಲಿ ಅರ್ಪಿಸಿದ ತುಪ್ಪ, ಮೊಸರುಗಳ ಆಹುತಿಯಿಂದ ಇಡಾ ಎಂಬ ಸ್ತ್ರೀ ಹುಟ್ಟುತ್ತಾಳೆ, ಅವಳಿಂದ ಪ್ರಜೆ ಬೆಳೆಯುತ್ತದೆ. ಮಹಾಭಾರತದ ವನಪರ್ವದಲ್ಲಿ ಮನುವಿನೊಡನೆ ಸಪ್ತರ್ಷಿಗಳೂ ಸಕಲ ಬೀಜಗಳೂ ಹಡಗನ್ನೇರುತ್ತವೆ. ಭಾಗವತದ ಎಂಟನೆಯ ಸ್ಕಂಧವು ಆ ನಾಯಕನನ್ನು ದ್ರವಿಡದೇಶದ ರಾಜ ಸತ್ಯವ್ರತನೆಂದು ಕರೆದು ಕಥೆಯನ್ನು ದಕ್ಷಿಣಕ್ಕೆ ತರುತ್ತದೆ. ‘ಮಾನವ’, ‘ಮನುಜ’, ‘ಮನುಕುಲ’ ಎಂಬ ದಿನಬಳಕೆಯ ಪದಗಳಲ್ಲಿ ಈ ವಂಶಕಲ್ಪನೆ ಇಂದಿಗೂ ಉಳಿದಿದೆ. ಶೃಂಗೇರಿಯ ತುಂಗಾತೀರದಲ್ಲಿ ಯಾತ್ರಿಕರು ಮಂಡಕ್ಕಿ ಹಾಕುವ ಮೀನುಗಳನ್ನು ದೇವರ ಮೀನುಗಳೆಂದೇ ಭಾವಿಸಲಾಗುತ್ತದೆ, ಅವುಗಳನ್ನು ಹಿಡಿಯುವಂತಿಲ್ಲ.

ನರಸಿಂಹರಾಜಪುರದ ಸಿಂಹನಗದ್ದೆ ಬಸ್ತಿಮಠವು ಜ್ವಾಲಾಮಾಲಿನಿ ದೇವಿಯ ಪ್ರಸಿದ್ಧ ಜೈನ ಕ್ಷೇತ್ರ. ಜೈನ ಲೋಕವಿಚಾರದಲ್ಲಿ ಸೃಷ್ಟಿಯಿಲ್ಲ. ಕಾಲಚಕ್ರದ ಏರಿಳಿತ ಮಾತ್ರ ಉಂಟು. ಅವಸರ್ಪಿಣಿಯ ಆರನೆಯ ಕಾಲದ ಕೊನೆಯಲ್ಲಿ ಬಿರುಗಾಳಿ, ವಿಷವೃಷ್ಟಿ, ಅಗ್ನಿವೃಷ್ಟಿಗಳಿಂದ ಭರತಕ್ಷೇತ್ರದ ಆರ್ಯಖಂಡ ನಾಶವಾಗುತ್ತದೆಂದೂ ವಿಜಯಾರ್ಧ ಪರ್ವತದ ಗುಹೆಗಳಲ್ಲಿ 72 ಜೋಡಿಗಳು ಉಳಿಯುತ್ತವೆಂದೂ ದಿಗಂಬರ ಗ್ರಂಥಗಳು ಹೇಳುತ್ತವೆ. ಪ್ರಳಯಕಥನಗಳಲ್ಲಿ ಉಳಿದವರ ಸಂಖ್ಯೆಯನ್ನು ಇಷ್ಟು ಖಚಿತವಾಗಿ ಕೊಡುವವು ವಿರಳ. ಆದರೆ ಇದು ಮುಂದೆ ನಡೆಯಲಿರುವ ಘಟನೆ. ಈಗಿನ ಐದನೆಯ ಕಾಲ 21,000 ವರ್ಷ, ಆರನೆಯದೂ 21,000 ವರ್ಷ. ಐದನೆಯದರಲ್ಲಿ ಕಳೆದಿರುವುದು ಸುಮಾರು ಎರಡೂವರೆ ಸಾವಿರ ವರ್ಷ ಮಾತ್ರವಾದ್ದರಿಂದ ಆ ಪ್ರಳಯಕ್ಕೆ ಇನ್ನೂ ಸುಮಾರು 39 ಸಾವಿರ ವರ್ಷಗಳಿವೆ.

ಈ ಭಾಗದ ಕ್ರೈಸ್ತರೂ ಮುಸ್ಲಿಮರೂ ಪ್ರಳಯವನ್ನು ನೋಹನ, ಅಂದರೆ ನೂಹ್ ಪ್ರವಾದಿಯ ಕಥೆಯಾಗಿ ಬಲ್ಲರು. ಬೈಬಲಿನ ಆದಿಕಾಂಡದಂತೆ ನಾವೆಯಲ್ಲಿ ಉಳಿದವರು ಎಂಟು ಮಂದಿ: ನೋಹ, ಅವನ ಪತ್ನಿ, ಮೂವರು ಗಂಡುಮಕ್ಕಳು, ಮೂವರು ಸೊಸೆಯರು. ಕುರಾನಿನಲ್ಲಿ ನಾವೆಯು ಜೂದಿ ಪರ್ವತದಲ್ಲಿ ನಿಲ್ಲುತ್ತದೆ. ಉಳಿದವರು ಇಷ್ಟೇ ಎಂಬ ಸಂಖ್ಯೆಯನ್ನು ಅದು ಕೊಡುವುದಿಲ್ಲ.

ಮಳೆ ಹೆಚ್ಚಾದಾಗ ತುಂಗೆ ಉಕ್ಕಿ ಶೃಂಗೇರಿಯ ಗಾಂಧಿ ಮೈದಾನ ಮುಳುಗುವುದು ಮಲೆನಾಡಿಗೆ ಹೊಸದಲ್ಲ. ಸಮೀಪದ ಕಿಗ್ಗದ ಋಷ್ಯಶೃಂಗೇಶ್ವರನಲ್ಲಿ ಮಳೆ ಬರಲೆಂದೂ ಅತಿವೃಷ್ಟಿ ನಿಲ್ಲಲೆಂದೂ ಪೂಜೆ ಸಲ್ಲುತ್ತದೆ. ನೆರೆಯ ಅನುಭವವಿರುವ ನಾಡಿನಲ್ಲಿ ಪ್ರಳಯದ ಕಥೆ ಬೇರೂರುವುದು ಸಹಜ. ಜಗತ್ತಿನ ಬಹುಪಾಲು ಪ್ರಳಯಕಥನಗಳು ನದೀಬಯಲು, ಕರಾವಳಿಗಳ ನೈಜ ನೆರೆಗಳ ನೆನಪಿನಿಂದ ಬೆಳೆದಿರಬೇಕೆಂಬ ವಿದ್ವಾಂಸರ ಅಭಿಪ್ರಾಯಕ್ಕೂ ಇದೇ ಆಧಾರ. ಆದರೆ ಒಂದು ಸೀಮೆಯ ನೆರೆಯೂ ಮನುಕುಲವನ್ನು ಎಂಟು ಮಂದಿಗೆ ಇಳಿಸಿದ ನೆರೆಯೂ ಒಂದೇ ಅಲ್ಲ.

ಪರೀಕ್ಷೆಯ ವಿಧಾನ

ಜನಸಂಖ್ಯೆಯು ತೀವ್ರವಾಗಿ ಕುಸಿದು ಮತ್ತೆ ಬೆಳೆಯುವುದನ್ನು ತಳಿವಿಜ್ಞಾನದಲ್ಲಿ ‘ಬಾಟಲ್‌ನೆಕ್’ ಎನ್ನುತ್ತಾರೆ. ತುಂಬಿದ ಸೀಸೆಯ ಕಿರಿದಾದ ಕತ್ತಿನಿಂದ ಕೆಲವೇ ಕಾಳುಗಳು ಹೊರಬಿದ್ದಂತೆ, ಹಳೆಯ ವೈವಿಧ್ಯದ ಒಂದು ಅಂಶ ಮಾತ್ರ ಮುಂದಿನ ಪೀಳಿಗೆಗೆ ದಾಟುತ್ತದೆ. ಪ್ರತಿಯೊಬ್ಬ ವ್ಯಕ್ತಿಯೂ ಪ್ರತಿಯೊಂದು ವಂಶವಾಹಿಯ ಎರಡು ಪ್ರತಿಗಳನ್ನು, ತಂದೆಯಿಂದೊಂದು ತಾಯಿಯಿಂದೊಂದು, ಪಡೆದಿರುತ್ತಾನೆ. ಆದ್ದರಿಂದ ಕತ್ತಿನಲ್ಲಿ ಹಾದುಹೋದವರ ಸಂಖ್ಯೆಯ ಎರಡರಷ್ಟಕ್ಕಿಂತ ಹೆಚ್ಚು ಭೇದಗಳು ದಾಟಲು ಸಾಧ್ಯವಿಲ್ಲ.

ನೋಹನ ನಾವೆಯಲ್ಲಿ ಎಂಟು ಮಂದಿಯಿದ್ದರೂ ಗಂಡುಮಕ್ಕಳ ವಂಶವಾಹಿಗಳು ತಂದೆತಾಯಿಯವೇ ಆದುದರಿಂದ ಸ್ವತಂತ್ರ ಮೂಲದವರು ಐವರು. ಅಂದರೆ ಯಾವ ವಂಶವಾಹಿಗಾದರೂ ಹೆಚ್ಚೆಂದರೆ 10 ಭೇದಗಳು. ಗಂಡಿನಿಂದ ಗಂಡಿಗೆ ಮಾತ್ರ ಸಾಗುವ ವೈ ವರ್ಣತಂತು ಒಂದೇ ಬಗೆಯದು. ತಾಯಿಯಿಂದ ಮಾತ್ರ ಬರುವ ಮೈಟೋಕಾಂಡ್ರಿಯದ ಡಿಎನ್‌ಎ ಸೊಸೆಯಂದಿರ ಮೂರು ಬಗೆಗಳನ್ನು ಮೀರದು.

ಜೈನ ಕಥನದ 72 ಜೋಡಿಗಳನ್ನು ಇದೇ ಲೆಕ್ಕಕ್ಕೆ ಒಡ್ಡಿದರೆ ಫಲಿತಾಂಶ ಬೇರೆಯಾಗುತ್ತದೆ. 144 ಮಂದಿಯಲ್ಲಿ 288 ಪ್ರತಿಗಳಿರುತ್ತವೆ. ಒಂದು ಪೀಳಿಗೆಯಲ್ಲಿ ನಷ್ಟವಾಗುವ ಸರಾಸರಿ ವೈವಿಧ್ಯವು 288ರಲ್ಲಿ ಒಂದು ಪಾಲು, ಅಂದರೆ ಶೇಕಡಾ 0.35 ಮಾತ್ರ. ಜನಸಂಖ್ಯೆ ಬೇಗನೆ ಚೇತರಿಸಿಕೊಂಡರೆ ಸಾಮಾನ್ಯ ಭೇದಗಳೆಲ್ಲ ಬಹುತೇಕ ಉಳಿಯುತ್ತವೆ. ಪೆಟ್ಟು ಬೀಳುವುದು ಅಪರೂಪದ ಭೇದಗಳಿಗೆ. ಸಾವಿರ ಪ್ರತಿಗಳಲ್ಲಿ ಒಂದರಂತೆ ಇದ್ದ ಭೇದವು 288 ಪ್ರತಿಗಳಲ್ಲಿ ಒಂದೂ ಸಿಗದೆ ಹೋಗುವ ಸಂಭವ ನಾಲ್ಕರಲ್ಲಿ ಮೂರು. 10 ಪ್ರತಿಗಳಲ್ಲಾದರೆ ನೂರಕ್ಕೆ 99. ಹೀಗೆ, ಕುಸಿತದ ಆಳವನ್ನೂ ಅದು ನಡೆದ ಕಾಲವನ್ನೂ ಅಂದಾಜಿಸುವಾಗ ಅಪರೂಪದ ಭೇದಗಳು ಎಷ್ಟಿವೆ, ಅವು ಎಷ್ಟು ಹಳೆಯವು ಎಂಬುದು ಮುಖ್ಯ ಸುಳಿವಾಗುತ್ತದೆ.

ಮನುವಿನ ಕಥೆ ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ಆಹುತಿಯಿಂದ ಹುಟ್ಟಿದ ಇಡೆಗೆ ವಂಶವಾಹಿಗಳು ಎಲ್ಲಿಂದ ಬಂದವೆಂದು ಕೇಳುವುದು ಕಥೆಯ ಸ್ವರೂಪವನ್ನೇ ತಪ್ಪಾಗಿ ತಿಳಿದಂತೆ. ಕಾಲವೂ ಒಗ್ಗುವುದಿಲ್ಲ. ಪುರಾಣಗಣನೆಯಲ್ಲಿ ಈಗ ನಡೆಯುತ್ತಿರುವುದು ವೈವಸ್ವತ ಮನ್ವಂತರದ 28ನೆಯ ಮಹಾಯುಗ. 43,20,000 ವರ್ಷಗಳ 27 ಮಹಾಯುಗಗಳು ಕಳೆದಿರುವುದರಿಂದ ಈ ಮನ್ವಂತರದ ಆರಂಭ ಸುಮಾರು 12 ಕೋಟಿ ವರ್ಷ ಹಿಂದಕ್ಕೆ ಹೋಗುತ್ತದೆ. ಅದು ಪಳೆಯುಳಿಕೆಗಳ ಪ್ರಕಾರ ಡೈನೋಸಾರುಗಳ ಕಾಲ. ಮನುಷ್ಯರ ಡಿಎನ್‌ಎ ಅಷ್ಟು ಹಿಂದಿನದೇನನ್ನೂ ಹೇಳಲಾರದು. ಬೈಬಲಿನ ವಂಶಾವಳಿಗಳನ್ನು ಕೂಡಿ 17ನೆಯ ಶತಮಾನದ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಲೆಕ್ಕಹಾಕಿದ ಪ್ರಳಯದ ವರ್ಷವಾದರೋ ಕ್ರಿ.ಪೂ. 2348. ಸುಮಾರು 150 ಪೀಳಿಗೆಗಳಷ್ಟೇ ಹಿಂದಿನ ಈ ಹೇಳಿಕೆಯನ್ನು ಅಕ್ಷರಶಃ ತೆಗೆದುಕೊಂಡರೆ ಅದು ಪೂರ್ಣವಾಗಿ ಪರೀಕ್ಷಾರ್ಹ. ಈ ಚರ್ಚೆ ಹೆಚ್ಚಾಗಿ ಪಾಶ್ಚಾತ್ಯ ಕ್ರೈಸ್ತ ವಲಯದಲ್ಲಿಯೇ ನಡೆದಿರುವುದಕ್ಕೆ ಇದೂ ಒಂದು ಕಾರಣ.

ಡಿಎನ್‌ಎ ತೋರಿಸುವ ಇತಿಹಾಸ

ಫಲಿತಾಂಶವು ನಿಸ್ಸಂದಿಗ್ಧವಾಗಿದೆ. ಕಳೆದ ಕೆಲವು ಸಾವಿರ ವರ್ಷಗಳಲ್ಲಿ ಮನುಕುಲವೆಲ್ಲ ಎಂಟು ಮಂದಿಗೆ ಇಳಿದ ಕುರುಹು ಇಲ್ಲ. ಇಂದಿನ ಗಂಡಸರ ವೈ ವರ್ಣತಂತುಗಳ ಕವಲುಗಳು ಕೂಡುವ ಬಿಂದು 2 ಲಕ್ಷ ವರ್ಷಗಳಿಗೂ ಹಿಂದಿನದು. ಮೈಟೋಕಾಂಡ್ರಿಯದ ‘ಎಂ’ ಶಾಖೆಯೊಂದರಲ್ಲೇ ಭಾರತದಲ್ಲಿ ಹತ್ತಾರು ಸಾವಿರ ವರ್ಷ ಹಳೆಯ ಅನೇಕ ಕವಲುಗಳಿವೆ. ಮೂವರು ಸೊಸೆಯಂದಿರಲ್ಲಿ ಅವು ಅಡಗಲಾರವು. ರೋಗನಿರೋಧಕ್ಕೆ ಸಂಬಂಧಿಸಿದ ಎಚ್‌ಎಲ್‌ಎ ವಂಶವಾಹಿಗಳಲ್ಲಿ ಸಾವಿರಾರು ಭೇದಗಳು ದಾಖಲಾಗಿವೆ. ಅವುಗಳಲ್ಲಿ ಹಲವು ಇತ್ತೀಚಿನವು; ಆದರೆ ಕೆಲವು ವಂಶಸರಣಿಗಳು ಮನುಷ್ಯ ಮತ್ತು ಚಿಂಪಾಂಜಿ ಬೇರೆಯಾಗುವುದಕ್ಕೂ ಹಿಂದಿನವು. ಫ್ರಾನ್ಸಿಸ್ಕೊ ಅಯಾಲ ಅವರು 1995ರಲ್ಲಿ ಈ ವಂಶವಾಹಿಗಳನ್ನು ಆಧಾರವಾಗಿಟ್ಟುಕೊಂಡೇ ಮನುಷ್ಯರ ಪೂರ್ವಜರ ಸಂಖ್ಯೆ ಎಂದಿಗೂ ಒಂದು ಜೋಡಿಗೆ ಇಳಿದಿರಲಾರದೆಂದು ವಾದಿಸಿದರು.

ಪುರಾತನ ಅಸ್ಥಿಗಳಿಂದಲೂ ಇದೇ ತಿಳಿಯುತ್ತದೆ. ಹರಿಯಾಣದ ರಾಖಿಗಢಿಯಲ್ಲಿ ದೊರೆತ ಸಿಂಧೂ ನಾಗರಿಕತೆಯ ಕಾಲದ ಸ್ತ್ರೀಯೊಬ್ಬಳ ಡಿಎನ್‌ಎ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅವಳು ಪ್ರತಿನಿಧಿಸುವ ವಂಶಮೂಲವು ಇಂದಿನ ದಕ್ಷಿಣ ಏಷ್ಯದ ಬಹುತೇಕ ಜನರಲ್ಲಿ ಹರಿದುಬಂದಿದೆ. ಅಷರ್‌ನ ಪ್ರಳಯದ ಆಸುಪಾಸಿನ ಕಾಲದಲ್ಲಿ ಇಲ್ಲಿಯ ಜನಪರಂಪರೆ ಕಡಿದುಹೋಗಿಲ್ಲ.

ಹಾಗೆಂದು ಮನುಕುಲದಲ್ಲಿ ಬಾಟಲ್‌ನೆಕ್‌ಗಳೇ ಇರಲಿಲ್ಲವೆಂದಲ್ಲ. ಹೆಂಗ್ ಲಿ ಮತ್ತು ರಿಚರ್ಡ್ ಡರ್ಬಿನ್ ಅವರು 2011ರಲ್ಲಿ ಒಬ್ಬನೇ ವ್ಯಕ್ತಿಯ ಪೂರ್ಣ ಡಿಎನ್‌ಎಯಿಂದ ಹಿಂದಿನ ಜನಸಂಖ್ಯೆಯನ್ನು ಅಂದಾಜಿಸುವ ವಿಧಾನವನ್ನು ಪ್ರಕಟಿಸಿದರು. ಅದರಂತೆ ಆಫ್ರಿಕಾದಿಂದ ಹೊರಬಂದವರ ಪರಿಣಾಮಕಾರಿ ಜನಸಂಖ್ಯೆಯು ಹತ್ತಾರು ಸಾವಿರ ವರ್ಷಗಳ ಹಿಂದೆ ಸುಮಾರು 1,200ಕ್ಕೆ ಇಳಿದಿತ್ತು. ಪರಿಣಾಮಕಾರಿ ಜನಸಂಖ್ಯೆಯೆಂಬುದು ತಲೆಯೆಣಿಕೆಯಲ್ಲ, ವೈವಿಧ್ಯವನ್ನು ಮುಂದಿನ ಪೀಳಿಗೆಗೆ ದಾಟಿಸುವ ಮಟ್ಟದ ಅಳತೆ. ನಿಜವಾದ ಜನರು ಅದಕ್ಕಿಂತ ಹೆಚ್ಚಿರುತ್ತಾರೆ. ಸುಮಾರು 9 ಲಕ್ಷ ವರ್ಷಗಳ ಹಿಂದೆ ಪೂರ್ವಜರು 1,280ರಷ್ಟಕ್ಕೆ ಇಳಿದಿದ್ದರೆಂದು 2023ರಲ್ಲಿ ಮತ್ತೊಂದು ತಂಡ ಹೇಳಿತು. ಆ ವಿಧಾನದ ಬಗ್ಗೆ ಬಲವಾದ ಆಕ್ಷೇಪಗಳು ಬಂದಿವೆ. ಇವೆರಡರಲ್ಲಿ ಯಾವುದೂ ಒಂದು ನಾವೆಯಷ್ಟು ಕಿರಿದಲ್ಲ.

ತಪ್ಪಾಗಿ ಬಳಕೆಯಾಗುವ ಮೂರು ಸಂಶೋಧನೆಗಳು

ಧಾರ್ಮಿಕ ಕಥನವನ್ನು ವಿಜ್ಞಾನವೇ ಸಾಬೀತುಪಡಿಸಿದೆ ಎಂಬ ವಾದಗಳಲ್ಲಿ ಕೆಲವು ಸಂಶೋಧನೆಗಳು ಪದೇಪದೇ ಕಾಣಿಸುತ್ತವೆ. ಮೊದಲನೆಯದು 1987ರ ‘ಮೈಟೋಕಾಂಡ್ರಿಯದ ಈವ್’. ಇಂದಿನ ಎಲ್ಲರ ಮಾತೃಪರಂಪರೆ ಆಫ್ರಿಕಾದ ಒಬ್ಬ ಸ್ತ್ರೀಯಲ್ಲಿ ಕೂಡುತ್ತದೆಂದು ರೆಬೆಕಾ ಕ್ಯಾನ್, ಮಾರ್ಕ್ ಸ್ಟೋನ್‌ಕಿಂಗ್ ಮತ್ತು ಆಲನ್ ವಿಲ್ಸನ್ ತೋರಿಸಿದರು. ಅವಳ ಕಾಲದಲ್ಲಿ ಬೇರೆ ಸಾವಿರಾರು ಸ್ತ್ರೀಯರಿದ್ದರು. ಅವರ ನೇರ ಹೆಣ್ಣುಸಂತಾನದ ಎಳೆ ಎಲ್ಲೋ ಒಂದು ಕಡೆ ಕೊನೆಗೊಂಡಿತಷ್ಟೇ. ಗಂಡುಮಕ್ಕಳ ಮೂಲಕ ಅವರ ಇತರ ವಂಶವಾಹಿಗಳು ಇಂದಿಗೂ ಹರಿದುಬಂದಿವೆ.

ಎರಡನೆಯದು ಹೆಚ್ಚು ಕುತೂಹಲಕರ. 2015ರ ಅಧ್ಯಯನವೊಂದು 5ರಿಂದ 7 ಸಾವಿರ ವರ್ಷಗಳ ಹಿಂದೆ ಜಗತ್ತಿನ ಅನೇಕ ಕಡೆ ವೈ ವರ್ಣತಂತುವಿನ ವೈವಿಧ್ಯ ತೀವ್ರವಾಗಿ ಕುಗ್ಗಿದುದನ್ನು ತೋರಿಸಿತು. ಕಾಲ ಪ್ರಳಯಕ್ಕೆ ಹತ್ತಿರವಾಗಿ ಕಾಣುವುದರಿಂದ ಅದನ್ನು ನೋಹನ ಕಥೆಗೆ ಜೋಡಿಸುವ ಪ್ರಯತ್ನಗಳಾದವು. ಆದರೆ ಅದೇ ಅವಧಿಯಲ್ಲಿ ಮೈಟೋಕಾಂಡ್ರಿಯದ ವೈವಿಧ್ಯ ಕುಗ್ಗಿಲ್ಲ. ಹೆಂಗಸರನ್ನು ಬಿಟ್ಟು ಗಂಡಸರನ್ನು ಮಾತ್ರ ಮುಳುಗಿಸುವ ನೆರೆ ಇರಲಾರದು. ಪಿತೃವಂಶೀಯ ಕುಲಗಳ ನಡುವಣ ಹೋರಾಟದಲ್ಲಿ ಕುಲಕುಲಗಳೇ ಅಳಿದು, ಒಂದೇ ತಂದೆಯ ಪರಂಪರೆಯವರು ಹರಡಿದುದೇ ಕಾರಣವಿರಬೇಕೆಂದು 2018ರಲ್ಲಿ ಸೂಚಿಸಲಾಯಿತು.

ಮೂರನೆಯದು ಕಥನಕ್ಕೆ ಅಲ್ಪ ಅನುಕೂಲವೆನ್ನಬಹುದಾದದ್ದು. 2004ರಲ್ಲಿ ಡಗ್ಲಸ್ ರೋಡ್, ಸ್ಟೀವ್ ಓಲ್ಸನ್ ಮತ್ತು ಜೋಸೆಫ್ ಚಾಂಗ್ ಅವರು ಗಣಿತದ ಮಾದರಿಗಳಿಂದ, ಇಂದಿನ ಎಲ್ಲ ಮನುಷ್ಯರ ವಂಶವೃಕ್ಷಗಳಲ್ಲೂ ಬರುವ ಸಮಾನ ಪೂರ್ವಜನೊಬ್ಬ ಕೆಲವೇ ಸಾವಿರ ವರ್ಷಗಳ ಹಿಂದೆ ಬದುಕಿದ್ದಿರಬಹುದೆಂದು ತೋರಿಸಿದರು. ‘ನಾವೆಲ್ಲರೂ ಮನುವಿನ ಸಂತತಿ’ ಎಂಬ ಮಾತು ವಂಶವೃಕ್ಷದ ಅರ್ಥದಲ್ಲಿ ಅಸಾಧ್ಯವಲ್ಲ. ‘ಮನುವೊಬ್ಬನದೇ ಸಂತತಿ’ ಎಂಬುದು ಬೇರೆ ಮಾತು. ಸಮಾನ ಪೂರ್ವಜನೂ ಏಕೈಕ ಪೂರ್ವಜನೂ ಒಂದೇ ಅಲ್ಲ. ಜನಪ್ರಿಯ ಬರವಣಿಗೆಯಲ್ಲಿ ಇವೆರಡನ್ನು ಬೆರೆಸುವುದೇ ಈ ವಿಷಯದ ಬಹುಪಾಲು ಗೊಂದಲಕ್ಕೆ ಕಾರಣ.

ಪ್ರಾಣಿಗಳ ಸಾಕ್ಷ್ಯ

ಪ್ರಾಣಿಗಳೂ ಜೋಡಿಗಳಾಗಿ ಉಳಿದವೆಂಬ ಹೇಳಿಕೆಗೆ ಇದೇ ಪರೀಕ್ಷೆ ಅನ್ವಯಿಸುತ್ತದೆ. ನಿಜವಾಗಿಯೂ ಅಳಿವಿನಂಚಿಗೆ ಹೋಗಿ ಬಂದ ಪ್ರಾಣಿ ಹೇಗಿರುತ್ತದೆಂಬುದಕ್ಕೆ ಪೆಸಿಫಿಕ್ ಸಾಗರದ ಉತ್ತರದ ಆನೆಸೀಲ್ ನಿದರ್ಶನ. 19ನೆಯ ಶತಮಾನದ ಬೇಟೆಯಿಂದ ಕೆಲವೇ ಹತ್ತುಗಳಿಗೆ ಇಳಿದಿದ್ದ ಅದರ ಸಂಖ್ಯೆ ಮತ್ತೆ ಲಕ್ಷ ದಾಟಿದ್ದರೂ ತಳಿವೈವಿಧ್ಯ ಮಾತ್ರ ಮರಳಿಲ್ಲ. ಪ್ರಳಯ ಅಕ್ಷರಶಃ ನಡೆದಿದ್ದರೆ ಎಲ್ಲ ಜೀವಿಗಳೂ ಹೀಗೆಯೇ ಇರಬೇಕಿತ್ತು. ಹುಲಿಯನ್ನೇ ನೋಡಿದರೆ, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಅವರ ತಂಡವು ಜಗತ್ತಿನ ಹುಲಿಗಳ ತಳಿವೈವಿಧ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಭಾರತದಲ್ಲಿಯೇ ಇದೆಯೆಂದು ತೋರಿಸಿದೆ. ಅದೇ ತಂಡ 2021ರಲ್ಲಿ ಒಡಿಶಾದ ಸಿಮಿಲಿಪಾಲದ ಕಪ್ಪುಪಟ್ಟೆಯ ಹುಲಿಗಳಿಗೆ ಒಂದೇ ವಂಶವಾಹಿಯ ಬದಲಾವಣೆ ಕಾರಣವೆಂದು ಪತ್ತೆಹಚ್ಚಿತು. ಇತರ ಕಾಡುಗಳಿಂದ ಬೇರ್ಪಟ್ಟು ಚಿಕ್ಕ ಸಂಖ್ಯೆಯಲ್ಲಿ ಉಳಿದ ಕಡೆ ಅಪರೂಪದ ಭೇದವೊಂದು ಸಾಮಾನ್ಯವಾಗುವುದಕ್ಕೆ ಇದು ಸ್ಪಷ್ಟ ಉದಾಹರಣೆ. ನರಸಿಂಹರಾಜಪುರದ ನೆರೆಯ ಭದ್ರಾ ಹುಲಿ ಸಂರಕ್ಷಿತ ಪ್ರದೇಶದಂತಹ ಕಾಡುಗಳು ಪಶ್ಚಿಮಘಟ್ಟದ ಉಳಿದ ಕಾಡುಗಳೊಡನೆ ಸಂಪರ್ಕ ಕಳೆದುಕೊಳ್ಳಬಾರದೆಂದು ಸಂರಕ್ಷಣಾ ವಿಜ್ಞಾನಿಗಳು ಒತ್ತಿಹೇಳುವುದು ಇದೇ ಕಾರಣಕ್ಕೆ.

ಒಳವಿವಾಹ: ಭಾರತದ ನೈಜ ಬಾಟಲ್‌ನೆಕ್‌ಗಳು

ಸಿಮಿಲಿಪಾಲದ ಹುಲಿಗಳಿಗೆ ಆದದ್ದು ಮನುಷ್ಯರಿಗೂ ಆಗಬಲ್ಲುದು. ಅದಕ್ಕೆ ಪ್ರಳಯ ಬೇಕಿಲ್ಲ, ಕಾಡು ಕಡಿಯಬೇಕಿಲ್ಲ. ಜಾತಿಯೊಳಗೇ ಮದುವೆಯಾಗುವ ನಿಯಮ ಸಾಕು. ಪ್ರಿಯಾ ಮೂರ್ಜಾನಿ ಮತ್ತು ಇತರರ 2013ರ ಅಧ್ಯಯನದಂತೆ ಭಾರತದ ಜನವರ್ಗಗಳು ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ವ್ಯಾಪಕವಾಗಿ ಬೆರೆತವು. ಅನಂತರ ಆ ಬೆರಕೆ ಬಹುತೇಕ ನಿಂತು ಒಳವಿವಾಹ ಗಟ್ಟಿಯಾಯಿತು. ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರದ ಕೆ. ತಂಗರಾಜ್, ಹಾರ್ವರ್ಡಿನ ಡೇವಿಡ್ ರೈಕ್ ಮತ್ತು ಸಂಗಡಿಗರು 2017ರಲ್ಲಿ ದಕ್ಷಿಣ ಏಷ್ಯದ 263 ಸಮುದಾಯಗಳನ್ನು ಪರಿಶೀಲಿಸಿದರು. ಅವುಗಳಲ್ಲಿ 81ರಲ್ಲಿ, ಆನುವಂಶಿಕ ರೋಗಗಳಿಗೆ ಹೆಸರಾದ ಫಿನ್‌ಲ್ಯಾಂಡಿನ ಜನರಿಗಿಂತಲೂ ಅಶ್ಕೆನಾಜಿ ಯಹೂದ್ಯರಿಗಿಂತಲೂ ತೀವ್ರವಾದ ಸ್ಥಾಪಕ ಪರಿಣಾಮ ಕಂಡುಬಂತು. ಕೆಲವೇ ಮೂಲಪುರುಷರಿಂದ ಒಂದು ಸಮುದಾಯ ಬೆಳೆದಾಗ ಅವರಲ್ಲೊಬ್ಬರಲ್ಲಿದ್ದ ದೋಷಯುಕ್ತ ಭೇದ ಇಡೀ ಸಮುದಾಯದಲ್ಲಿ ಹರಡುವುದೇ ಸ್ಥಾಪಕ ಪರಿಣಾಮ. ನೂರು ಕೋಟಿಗೂ ಮೀರಿದ ಜನಸಂಖ್ಯೆಯ ದೇಶವು ತಳಿದೃಷ್ಟಿಯಿಂದ ಅನೇಕ ಚಿಕ್ಕಚಿಕ್ಕ ನಾವೆಗಳ ಸಮೂಹ ಎಂದರೆ ಅತಿಶಯೋಕ್ತಿಯಾಗದು.

ರಕ್ತಸಂಬಂಧದ ಮದುವೆ ಇದಕ್ಕಿಂತ ಭಿನ್ನವಾದ ಸಂಗತಿ. ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಕರ್ನಾಟಕದಲ್ಲಿ ಹಿಂದಿನಿಂದ ಬಂದಿದೆ. ಮಾವ-ಸೊಸೆಯರ ಮದುವೆಯಲ್ಲಿ ಮಗುವಿನ ವಂಶವಾಹಿಯೊಂದರ ಎರಡೂ ಪ್ರತಿಗಳು ಒಂದೇ ಮೂಲದಿಂದ ಬಂದಿರುವ ಸಂಭವ ಎಂಟರಲ್ಲಿ ಒಂದು. ಅತ್ತೆಯ ಮಕ್ಕಳು, ಮಾವನ ಮಕ್ಕಳಲ್ಲಿ ಹದಿನಾರರಲ್ಲಿ ಒಂದು. ಆದರೆ ಚಿಕ್ಕ ಸಮುದಾಯದಲ್ಲಿ ದೂರದವರೆಂದು ತಿಳಿದು ಮದುವೆಯಾದವರೂ ಹಲವು ಎಳೆಗಳಿಂದ ಬಂಧುಗಳೇ ಆಗಿರುತ್ತಾರೆ. ಸಂಬಂಧದಲ್ಲಿ ಮದುವೆಯಾಗದಿದ್ದರೆ ಅಪಾಯವಿಲ್ಲವೆಂಬ ತಿಳಿವಳಿಕೆ ಈ ಕಾರಣದಿಂದ ಅಪೂರ್ಣ.

ಹಂದಿಗೋಡು ಕಾಯಿಲೆ

ಮಲೆನಾಡಿನಲ್ಲಿ ಈ ವಿಷಯ ಗ್ರಂಥದಿಂದ ಮನೆಯಂಗಳಕ್ಕೆ ಬರುವುದು ಹಂದಿಗೋಡು ಕಾಯಿಲೆಯಲ್ಲಿ. 1970ರ ದಶಕದ ಮಧ್ಯಭಾಗದಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಮೊದಲು ಗಮನಕ್ಕೆ ಬಂದ ಈ ರೋಗವು ಆ ಜಿಲ್ಲೆಯ ಇತರ ತಾಲ್ಲೂಕುಗಳಲ್ಲಿಯೂ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿಯೂ ಕಂಡುಬಂದಿದೆ. ಸೊಂಟ ಮತ್ತು ಮಂಡಿಯ ಕೀಲುಗಳು ಸವೆದು ತೀವ್ರ ನೋವು ಬರುತ್ತದೆ, ನಡಿಗೆ ಓಲಾಡುತ್ತದೆ. ಕೆಲವರಲ್ಲಿ ಬೆಳವಣಿಗೆ ಕುಂಠಿತವಾಗಿ ದೇಹ ಗಿಡ್ಡಾಗುತ್ತದೆ. ಪೀಡಿತರಲ್ಲಿ ಬಹುಪಾಲು ಪರಿಶಿಷ್ಟ ಜಾತಿಗೆ ಸೇರಿದ ಎರಡು ಸಮುದಾಯಗಳ ಕೃಷಿಕಾರ್ಮಿಕರು. ಗದ್ದೆಕೆಲಸವನ್ನೇ ನಂಬಿದವರಿಗೆ ಸೊಂಟ, ಮಂಡಿ ಹೋದರೆ ಜೀವನೋಪಾಯವೇ ಹೋದಂತೆ.

ಮೊದಲು ಸಂಶಯ ಬಿದ್ದದ್ದು ಆಹಾರದ ಮೇಲೆ. ಕೀಟನಾಶಕ ಸಿಂಪಡಿಸಿದ ಗದ್ದೆಗಳ ಏಡಿಗಳನ್ನು ಬಡವರು ತಿನ್ನುತ್ತಿದ್ದುದು ಇದಕ್ಕೆ ಕಾರಣವೆಂದು ಪ್ರಚಾರವಾಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆರ್. ವಿ. ಭಟ್ ಮತ್ತು ಕೆ. ಎ. ವಿ. ಆರ್. ಕೃಷ್ಣಮಾಚಾರಿ ಅವರು 1977ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ‘ಮಲೆನಾಡಿನ ಕೌಟುಂಬಿಕ ಸಂಧಿವಾತ’ವೆಂದು ಕರೆದು, ಕುಟುಂಬಗಳಲ್ಲಿ ಹರಿಯುವ ಅದರ ಗುಣವನ್ನು ಗುರುತಿಸಿತು. 1990ರ ದಶಕದಲ್ಲಿ ಲಖನೌದ ಎಸ್. ಎಸ್. ಅಗರ್ವಾಲ್ ಮತ್ತು ಸಹಸಂಶೋಧಕರು ವಂಶಾವಳಿಗಳನ್ನು ಬಿಡಿಸಿ, ಇದು ಮೂಳೆಗಳ ಬೆಳವಣಿಗೆಯ ಆನುವಂಶಿಕ ದೋಷವೆಂದೂ ಪ್ರಬಲ ರೀತಿಯಲ್ಲಿ ಸಾಗುತ್ತದೆಂದೂ ತೋರಿಸಿದರು. ತಂದೆತಾಯಿಯರಲ್ಲಿ ಒಬ್ಬರಿಗೆ ದೋಷವಿದ್ದರೂ ಪ್ರತಿ ಮಗುವಿಗೆ ಅದು ದಾಟುವ ಸಂಭವ ಎರಡರಲ್ಲಿ ಒಂದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪ್ರಬಲ ರೀತಿಯ ರೋಗ ಬರಲು ತಂದೆತಾಯಿ ಬಂಧುಗಳಾಗಿರಬೇಕಿಲ್ಲ. ಹಾಗಾಗಿ ಸಂಬಂಧದ ಮದುವೆಯೇ ಕಾರಣವೆಂದು ಪೀಡಿತ ಕುಟುಂಬಗಳನ್ನು ದೂರುವುದು ಸರಿಯಲ್ಲ. ಒಳವಿವಾಹದ ಪಾತ್ರ ಬೇರೆ: ಎಂದೋ ಒಬ್ಬ ಪೂರ್ವಜನಲ್ಲಿ ಇದ್ದ ಬದಲಾವಣೆಯು ಹೊರಗಿನ ದೊಡ್ಡ ಜನಸಮೂಹದಲ್ಲಿ ಚದುರಿಹೋಗದೆ ಅದೇ ಕೆಲವು ಕುಟುಂಬಗಳ ನಡುವೆ ಸುತ್ತುತ್ತ ಉಳಿಯಲು ಅದು ಅವಕಾಶ ಕೊಡುತ್ತದೆ. ಆ ಸಮುದಾಯಗಳು ಹೊರಗೆ ಮದುವೆಯಾಗದಿದ್ದುದು ಅವರೊಬ್ಬರದೇ ಆಯ್ಕೆಯೂ ಅಲ್ಲ. ಜಾತಿಯ ಗೆರೆಯನ್ನು ಎರಡೂ ಕಡೆಯಿಂದ, ಮೇಲಿನಿಂದ ಹೆಚ್ಚು ಬಲವಾಗಿ, ಎಳೆಯಲಾಗಿತ್ತು.

ಆನುವಂಶಿಕವೆಂದು ತಿಳಿದಮೇಲೂ ಮೂಳೆಯ ದೋಷವನ್ನು ಪೂರ್ಣವಾಗಿ ಸರಿಪಡಿಸುವ ಔಷಧವಿಲ್ಲ. ನೋವುಶಮನ, ದೈಹಿಕ ಚಿಕಿತ್ಸೆ ಹಾಗೂ ಸವೆದ ಸೊಂಟದ ಕೀಲನ್ನು ಬದಲಿಸುವ ಶಸ್ತ್ರಚಿಕಿತ್ಸೆಯೇ ಲಭ್ಯವಿರುವ ಮಾರ್ಗಗಳು. ಮಗುವಿಗೆ ರೋಗ ದಾಟುವ ಸಂಭವ ಎಷ್ಟೆಂದು ಕುಟುಂಬಗಳಿಗೆ ತಿಳಿಸುವ ತಳಿ ಸಮಾಲೋಚನೆಗೆ 1990ರ ದಶಕದ ವಂಶಾವಳಿ ಅಧ್ಯಯನಗಳು ಆಧಾರವಾಗಬಲ್ಲವು.